ದೊಡ್ಡಕ್ಷರದ ಕೈ, ಮೂರು ಮೂಕ ಕರೆ

ತುರ್ತು ಕರೆಗಳ ದಾಖಲೆಯ ರಾಶಿಯಿಂದ ಬೇಕಾದ ಒಂದೇ ಒಂದು ಸಾಲನ್ನು ಹುಡುಕಿ ತೆಗೆಯುವ ಕೆಲಸದಲ್ಲಿ, ಸುಪೀರಿಯರ್ ಸರೋವರದ ಈ ದಡದ ಕೌಂಟಿಗಳಲ್ಲೆಲ್ಲ ಶ್ರೀಮತಿ ವೆರ್ನಾ ಹೌಟಮಾಕಿಯವರಷ್ಟು ದೀರ್ಘಕಾಲ, ಅವರಷ್ಟು ನಿಷ್ಠೆಯಿಂದ ದುಡಿದವರು ಇನ್ನೊಬ್ಬರಿಲ್ಲ. ಹತ್ತೊಂಬತ್ತು ವರ್ಷ ನಮ್ಮ ಕೌಂಟಿಯ ತುರ್ತು ಕರೆಕೇಂದ್ರದಲ್ಲಿ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು, ಗಾಬರಿಯಲ್ಲಿದ್ದವರ ಮಾತಿನಿಂದ ವಿಳಾಸ ಬಿಡಿಸಿಕೊಂಡವರು ಅವರು. ಮುಂದಿನ ಇಪ್ಪತ್ತೆರಡು ವರ್ಷ ನಮ್ಮ ಪುಟ್ಟ ಕಂಪನಿಯಲ್ಲಿ ಕೂತು, ಅಂಥ ಕೇಂದ್ರಗಳ ದಾಖಲೆಗಳನ್ನು ಹುಡುಕುವ ಸಾಫ್ಟ್‌ವೇರನ್ನು ಪರೀಕ್ಷಿಸಿದವರೂ ಅವರೇ. ಇಂದು ಮೂವತ್ತೊಂದು ಕೇಂದ್ರಗಳಲ್ಲಿ ನಮ್ಮ ಹುಡುಕುಭಾಷೆ ಬಳಕೆಯಲ್ಲಿದೆ. ಆ ಭಾಷೆಯಲ್ಲಿ ಆಜ್ಞೆಯನ್ನಾಗಲಿ ಫಂಕ್ಷನ್ನನ್ನಾಗಲಿ ದೊಡ್ಡಕ್ಷರದಲ್ಲಿ, ಅಂದರೆ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರದಲ್ಲಿ, ಬರೆದರೂ ಸರಿ, ಸಣ್ಣಕ್ಷರದಲ್ಲಿ ಬರೆದರೂ ಸರಿ, ಎರಡನ್ನೂ ಕಲಸಿ ಬರೆದರೂ ಸರಿ, ಯಂತ್ರ ಅರ್ಥ ಮಾಡಿಕೊಳ್ಳುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಇದನ್ನು ಕೇಳಿ, ಅದರಲ್ಲೇನು ಮಹಾ ಎಂದು ಹುಬ್ಬು ಹಾರಿಸುತ್ತಾರೆ. ಈ ಲೇಖನ ಅವರೂ ಓದಲಿ ಎಂದು ಬರೆದದ್ದು.

ವೆರ್ನಾ ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟದ ಸಂಪಾದಕರು ನನ್ನಿಂದ ಎರಡು ಪುಟ ಕೇಳಿದ್ದರು. ಸಾಲದು ಎಂದು ನಾನು ಜಗಳವಾಡಿ ಹೆಚ್ಚು ಜಾಗ ಪಡೆದಿದ್ದೇನೆ. ನನಗೆ ವೆರ್ನಾ ಅವರನ್ನು ಹೊಗಳುವ ಆಸೆಗಿಂತ ಹೆಚ್ಚಾಗಿ, ಹದಿನಾರು ವರ್ಷದಿಂದ ಗಂಟಲಲ್ಲಿ ಕೂತಿರುವ ಒಂದು ಮುಳ್ಳನ್ನು ಕಿತ್ತು ಹಾಕುವ ಆಸೆಯಿದೆ. ಗ್ರ್ಯಾಂಟ್ ಟ್ರೆವಾರೋ ಎಂಬ ನಾನು ಇಂದು ಈ ಕಂಪನಿಯ ಮುಖ್ಯ ಎಂಜಿನಿಯರ್ ಆಗಿರುವುದು ಹೇಗೆ, ವೆರ್ನಾ ಅವರು ಪರೀಕ್ಷಾ ವಿಭಾಗದ ಮುಖ್ಯಸ್ಥೆ ಆಗದೆ ಉಳಿದದ್ದು ಹೇಗೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ. ಅದು ಹೋದ ವರ್ಷದವರೆಗೆ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಅವರು ಕರೆಕೇಂದ್ರ ಸೇರಿದ್ದು 1984ರಲ್ಲಿ, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ. ಆಗ ರಾಜ್ಯದ ಪೊಲೀಸರಿಂದ ಸಂದೇಶಗಳು ಟೆಲಿಟೈಪ್ ಯಂತ್ರದಲ್ಲಿ ಬರುತ್ತಿದ್ದವು. ಆ ಯಂತ್ರಕ್ಕೆ ಸಣ್ಣಕ್ಷರವೇ ಗೊತ್ತಿರಲಿಲ್ಲ. ಯಂತ್ರ ಗುಜರಿಗೆ ಹೋಯಿತು, ಅಭ್ಯಾಸ ಉಳಿಯಿತು. ಕಂಪ್ಯೂಟರ್ ಬಂದ ಮೇಲೂ ಕೇಂದ್ರದಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲೇ ಬರೆಯಬೇಕೆಂಬ ಕಟ್ಟಳೆ ಮುಂದುವರಿಯಿತು. ಅವಸರದಲ್ಲಿ ಕಣ್ಣು ಹಾಯಿಸಿದರೂ ಓದಲು ಸುಲಭ ಎಂಬ ಕಾರಣವೂ ಇತ್ತು. ಅವಸರದಲ್ಲಿ ಯಾರದೋ ಕೈ ತಗುಲಿ ಅಕ್ಷರ ಸಣ್ಣದಾಗಿಬಿಟ್ಟೀತೆಂದು ಪ್ರತಿಯೊಂದು ಕೀಬೋರ್ಡಿನಲ್ಲೂ ಕ್ಯಾಪ್ಸ್ ಲಾಕ್ ಒತ್ತಿ, ಆ ಗುಂಡಿಯನ್ನೇ ಚಾಕುವಿನಿಂದ ಮೀಟಿ ತೆಗೆದು, ಕಾಫಿ ಡಬ್ಬಿಯೊಂದಕ್ಕೆ ಹಾಕಿಡುತ್ತಿದ್ದರು. ಎಂಟು ಕೀಬೋರ್ಡು, ಎಂಟು ತೂತು, ಡಬ್ಬಿಯಲ್ಲಿ ಎಂಟು ಗುಂಡಿ. ವೆರ್ನಾ ಅವರ ಕೈ ಪಳಗಿದ್ದು ಅಂಥ ಕೀಬೋರ್ಡಿನ ಮೇಲೆ.

ಹಾಗಾಗಿ 2003ರಲ್ಲಿ ಅವರು ನಮ್ಮ ಕಂಪನಿಗೆ ಪರೀಕ್ಷಕಿಯಾಗಿ ಬಂದಾಗ ದೊಡ್ಡಕ್ಷರವೂ ಅವರೊಂದಿಗೆ ಬಂತು. ಮರುವರ್ಷ ನಾನು ಸೇರಿದೆ. ಸೇರಿದ ಮೂರನೆಯ ದಿನ ಅವರಿಂದ ಬಂದ ಇ-ಮೇಲ್ ನೋಡಿ ನಾನು ಗಾಬರಿಯಾದೆ. ಮೊದಲಿಂದ ಕೊನೆವರೆಗೆ ದೊಡ್ಡಕ್ಷರ. ನಮ್ಮ ಪೀಳಿಗೆಯವರಿಗೆ ಅದರರ್ಥ ಒಂದೇ, ಬರೆದವರು ಕಿರುಚುತ್ತಿದ್ದಾರೆ. ಏನು ತಪ್ಪು ಮಾಡಿದೆನೋ ಎಂದು ಬೆವರುತ್ತ ಅವರ ಮೇಜಿನ ಬಳಿ ಹೋಗಿ ನಿಂತೆ.

“ಮೇಡಂ, ನನ್ನಿಂದ ಏನಾದ್ರೂ ತಪ್ಪಾಯ್ತಾ?”

“ಯಾಕಪ್ಪಾ?”

“ನಿಮ್ಮ ಇ-ಮೇಲು...”

“ಮಧ್ಯಾಹ್ನಕ್ಕೆ ಪಾಸ್ಟಿ ತಂದಿದೀನಿ, ಬಂದು ತಿನ್ನು ಅಂತ ಬರ್ದಿದ್ದೆ. ಓದೋಕೆ ಬರಲ್ವಾ ನಿಂಗೆ?”

ಓದಿರಲಿಲ್ಲ. ಅಕ್ಷರದ ಗಾತ್ರ ನೋಡಿಯೇ ಓಡಿಬಂದಿದ್ದೆ. ಆ ಮಧ್ಯಾಹ್ನ ಅವರ ಪಾಸ್ಟಿ ತಿಂದೆ. ಗಣಿಗೆ ಹೋಗುತ್ತಿದ್ದ ನನ್ನ ತಾತಂದಿರು ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ತಂದ, ಹಿಟ್ಟಿನೊಳಗೆ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸುವ ತಿಂಡಿಯದು; ಫಿನ್ನಿಷ್ ಮನೆತನದ ಹೆಂಗಸೊಬ್ಬರು ಅದನ್ನು ನನ್ನ ಅಮ್ಮನಿಗಿಂತ ಚೆನ್ನಾಗಿ ಮಾಡಬಲ್ಲರೆಂದು ಒಪ್ಪಲು ನನಗೆ ಬಹಳ ಕಷ್ಟವಾಯಿತು. ಒಪ್ಪಿದೆ. ಕೆಚಪ್ ಕೇಳಿದ್ದಕ್ಕೆ ಮಾತ್ರ, “ಗ್ರೇವಿ ಹಾಕ್ಕೊಳ್ಳೋರಿಗಿಂತ ವಾಸಿ ಬಿಡು” ಎಂದು ಕ್ಷಮಿಸಿದರು.

ಅವರ ಉಪಕಾರಗಳನ್ನು ಪಟ್ಟಿ ಮಾಡಹೊರಟರೆ ಸಂಪಾದಕರೊಂದಿಗೆ ಇನ್ನೊಂದು ಜಗಳವಾಗುತ್ತದೆ. ನಾನು ಬಾಡಿಗೆಗಿದ್ದ ಮನೆಯ ಕೊಳವೆಗಳು ಹೆಪ್ಪುಗಟ್ಟಿದ ಚಳಿಗಾಲದಲ್ಲಿ ಹನ್ನೊಂದು ದಿನ ಅವರ ಮನೆಯ ಸೌನಾದಲ್ಲೇ, ಫಿನ್ನಿಷರ ಆ ಹಬೆಮನೆಯಲ್ಲೇ, ನನ್ನ ಸ್ನಾನವಾಯಿತು. ನಾನು ಬರೆದ ಕೈಪಿಡಿಯನ್ನು ಅವರು ಮೂರು ಸಲ ತಿದ್ದಿ ಕೊಟ್ಟರು. ಮೂರು ಸಲವೂ ಪೆನ್ಸಿಲಿನಲ್ಲಿ, ದೊಡ್ಡಕ್ಷರದಲ್ಲಿ. ಆದರೆ ಅವರು ಕೊಡಲು ಬಂದದ್ದನ್ನೆಲ್ಲ ನಾನು ತೆಗೆದುಕೊಳ್ಳಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ವರ್ಷಕ್ಕೆರಡು ಸಲವಾದರೂ ಅವರು ನನಗೆ ಹೇಳುತ್ತಿದ್ದರು: “ಒಂದು ಪಾಳಿ ಹೋಗಿ ಕರೆಕೇಂದ್ರದಲ್ಲಿ ಕೂತ್ಕೊಂಡು ನೋಡು ಮರಿ. ನೀನು ಬರೆಯೋದನ್ನ ಬಳಸೋರು ಹೆಂಗೆ ಬಳಸ್ತಾರೆ ಅಂತ ಗೊತ್ತಾಗುತ್ತೆ.” ನಾನು ಹೂಂ ಎನ್ನುತ್ತಿದ್ದೆ. ಹೋಗಲಿಲ್ಲ. ನನಗೆ ಬೇರೆ ದೊಡ್ಡ ಕೆಲಸಗಳಿದ್ದವು, ಅಥವಾ ಇವೆಯೆಂದು ನಾನು ತಿಳಿದಿದ್ದೆ.

2009ರ ಬೇಸಿಗೆಯಲ್ಲಿ ನಾನು ಹುಡುಕುಭಾಷೆಯನ್ನು ಹೊಸದಾಗಿ ಕಟ್ಟಿದೆ. ಅದರಲ್ಲಿ ‘ನಿಯರ್’, ಅಂದರೆ ‘ಹತ್ತಿರ’, ಎಂಬ ಫಂಕ್ಷನ್ ನನಗೆ ಬಹಳ ಹೆಮ್ಮೆಯದು. ಆವರಣ ಚಿಹ್ನೆಯೊಳಗೆ ಒಂದು ಜಾಗದ ಹೆಸರು, ಇಷ್ಟು ಮೈಲಿ ಎಂದು ಕೊಟ್ಟರೆ ಸಾಕು, ಆ ಸುತ್ತಿನ ಮೊಬೈಲ್ ಗೋಪುರಗಳಿಂದ ಬಂದ ಕರೆಗಳನ್ನೆಲ್ಲ ಆರಿಸಿ ಕೊಡುತ್ತಿತ್ತು. ಒಂದೇ ತೊಡಕು: ‘ನಿಯರ್’ ಎಂಬ ಮಾತು ದಾಖಲೆಗಳ ಒಳಗೂ ಹೇರಳವಾಗಿತ್ತು. ‘ಸೇತುವೆಯ ಹತ್ತಿರ ಚರಂಡಿಗೆ ಬಿದ್ದ ಕಾರು’, ‘ಶಾಲೆಯ ಹತ್ತಿರ ಕರಡಿ’ ಎಂದೆಲ್ಲ ದಿನಕ್ಕೆ ಐವತ್ತು ಸಲ ಬರೆಯುತ್ತಾರೆ. ಹುಡುಕುವವರು ಆ ಮಾತನ್ನು ಹುಡುಕುತ್ತಿದ್ದಾರೋ, ಫಂಕ್ಷನ್ನನ್ನು ಕರೆಯುತ್ತಿದ್ದಾರೋ, ಯಂತ್ರಕ್ಕೆ ತಿಳಿಯುವುದು ಹೇಗೆ? ನನಗೊಂದು ಉಪಾಯ ಹೊಳೆಯಿತು. ದಾಖಲೆಗಳಲ್ಲಿರುವುದೆಲ್ಲ ದೊಡ್ಡಕ್ಷರ ತಾನೆ? ಹಾಗಾದರೆ ದೊಡ್ಡಕ್ಷರದ್ದು ಹುಡುಕಬೇಕಾದ ಮಾತು, ಸಣ್ಣಕ್ಷರದ್ದು ಆಜ್ಞೆ ಅಥವಾ ಫಂಕ್ಷನ್. ಕತ್ತರಿ ಹಾಕಿದಂತೆ ಎರಡು ಭಾಗ. ಇಷ್ಟು ಚೊಕ್ಕವಾದ ನಿಯಮ ಇನ್ನಾರಿಗೂ ಹೊಳೆದಿರಲಾರದೆಂದು ನಾನು ಒಂದು ವಾರ ನೆಲದ ಮೇಲೆ ಕಾಲಿಡಲಿಲ್ಲ.

ವೆರ್ನಾ ಅವರು ಪರೀಕ್ಷಿಸಿದ ದಿನವೇ ದೋಷಗಳ ಪಟ್ಟಿಯಲ್ಲಿ ಒಂದು ಟಿಪ್ಪಣಿ ದಾಖಲಿಸಿದರು. ಅದರ ಸಂಖ್ಯೆ 1172. ಅದನ್ನಿಲ್ಲಿ ಇದ್ದಂತೆ ಕೊಡುತ್ತಿದ್ದೇನೆ: “ಕೇಂದ್ರದಲ್ಲಿರುವವರ ಕೈ ಸಣ್ಣಕ್ಷರ ಬರೆಯುವುದಿಲ್ಲ. ದೊಡ್ಡಕ್ಷರದಲ್ಲಿ ನಿಯರ್ ಎಂದು ಬರೆದರೆ ಯಂತ್ರ ಸುಮ್ಮನೆ ‘ಸೊನ್ನೆ’ ಎನ್ನುತ್ತದೆ. ತನಗೆ ಅರ್ಥವಾಗಲಿಲ್ಲ ಎನ್ನುವುದಿಲ್ಲ. ಅವರು ಸೊನ್ನೆಯನ್ನು ನಂಬುತ್ತಾರೆ.”

ಕೈಪಿಡಿಯ ಹದಿನಾಲ್ಕನೆಯ ಪುಟದಲ್ಲಿ ನಿಯಮ ಬರೆದಿದೆಯಲ್ಲ ಎಂದು ನಾನು ಅವರೊಂದಿಗೆ ವಾದಿಸಿದೆ.

“ಹದಿನಾಲ್ಕನೇ ಪುಟ ಯಾರು ಓದ್ತಾರೋ?”

“ಓದ್ಬೇಕು. ಕಲ್ತ್ಕೋಬೇಕು.”

“ಫೋನಲ್ಲಿ ಒಬ್ಬ ಉಸಿರು ಕಟ್ಕೊಂಡು ಒದ್ದಾಡ್ತಿರ್ತಾನೆ ಗ್ರ್ಯಾಂಟ್. ಆಗ ನಿನ್ನ ಹದಿನಾಲ್ಕನೇ ಪುಟ ತೆಗೀತಾಳಾ ಅವಳು?”

ಟಿಪ್ಪಣಿ ಮುಚ್ಚುವ ಅಧಿಕಾರ ನನ್ನದಾಗಿತ್ತು. ಟಿಪ್ಪಣಿಯ ಕೆಳಗೆ ‘ಇದು ದೋಷವಲ್ಲ, ಉದ್ದೇಶ’ ಎಂದು ಬರೆದು ಮುಚ್ಚಿದೆ. ನಮ್ಮ ಕಸುಬಿನಲ್ಲಿ ಹಟಮಾರಿಗಳೆಲ್ಲ ಹಾಗೇ ಬರೆಯುವುದು. ಸೆಪ್ಟೆಂಬರಿನಲ್ಲಿ ಹೊಸ ಆವೃತ್ತಿ ಕೌಂಟಿಯ ಕರೆಕೇಂದ್ರಕ್ಕೆ ಹೋಯಿತು. ಮೊದಲೆರಡು ತಿಂಗಳು ಅಲ್ಲಿಯವರು ಬರೀ ಮಾತುಗಳನ್ನು ಹುಡುಕಿದರು, ಫಂಕ್ಷನ್ ಬೇಕಾಗಲಿಲ್ಲ.

ನವೆಂಬರ್ ಹದಿನೈದು ನಮ್ಮಲ್ಲಿ ಯಾವ ದಿನವೆಂದು ಈ ಸಂಪುಟದ ಓದುಗರಿಗೆ ಹೇಳಬೇಕಾಗಿಲ್ಲ. ಜಿಂಕೆ ಬೇಟೆ ಶುರುವಾಗುವ ಆ ದಿನ ಆ ವರ್ಷ ಭಾನುವಾರ ಬಿದ್ದಿತ್ತು. ಕಿತ್ತಳೆ ಅಂಗಿ ತೊಟ್ಟು ಕಾಡಿಗೆ ಹೋದವರಲ್ಲಿ ಶಾಲಾ ಬಸ್ ಓಡಿಸುತ್ತಿದ್ದ ರೇಯ್ನೋ ಸಾಲ್ಮೇಲಾ ಎಂಬ ಅರವತ್ತೆರಡು ವರ್ಷದವರೂ ಒಬ್ಬರು. ಸಂಜೆಗೆ ಅವರು ಮರಳಲಿಲ್ಲ. ಅವರ ಪಿಕಪ್ ಟ್ರಕ್ ಹಾಫ್‌ಮೂನ್ ಜೌಗಿನ ದಕ್ಷಿಣಕ್ಕೆ, ಮರ ಸಾಗಿಸುವ ದಾರಿಯ ಪಕ್ಕ ನಿಂತಿತ್ತು. ಸೋಮವಾರವಿಡೀ ನಲವತ್ತು ಜನ, ಎರಡು ನಾಯಿಗಳು ಜೌಗಿನ ದಕ್ಷಿಣದ ಕಾಡನ್ನು ಜಾಲಾಡಿದರು. ಹಸಿ ಹಿಮ ಬಿದ್ದು ಹೆಜ್ಜೆಗುರುತೆಲ್ಲ ಮುಚ್ಚಿಹೋಗಿತ್ತು.

ರೇಯ್ನೋ ಅವರ ಜೇಬಿನಲ್ಲಿ ಒಂದು ಹಳೆಯ ಮೊಬೈಲ್ ಇತ್ತೆಂದು ಅವರ ಹೆಂಡತಿ ಹೆಲ್ಮಿ ಹೇಳಿದ್ದರು. ಸಂಪರ್ಕ ಕಡಿದು ವರ್ಷಗಳಾದ ಫೋನು. ಅಂಥದ್ದರಿಂದಲೂ ತುರ್ತು ಕರೆ ಮಾತ್ರ ಹೋಗುತ್ತದೆಂದು ನಮ್ಮ ಬೇಟೆಗಾರರು ಅದನ್ನು ಜೊತೆಗಿಟ್ಟುಕೊಳ್ಳುತ್ತಾರೆ. ಆದರೆ ಅದಕ್ಕೆ ಸ್ವಂತ ನಂಬರಿಲ್ಲ. ನಂಬರ್ ಹಿಡಿದು ಹುಡುಕುವಂತಿಲ್ಲ, ತಿರುಗಿ ಕರೆ ಮಾಡುವಂತಿಲ್ಲ. ಯಾವ ಗೋಪುರದ ಮೂಲಕ ಬಂತು ಎಂಬುದೊಂದೇ ಸುಳಿವು. ಹಾಗಾಗಿ ಸೋಮವಾರ ಸಂಜೆ ಕೇಂದ್ರದ ಮೇಲ್ವಿಚಾರಕಿ ಆರ್ಡಿತ್ ಬೋಶಾಂ ನನ್ನ ಹೆಮ್ಮೆಯ ಫಂಕ್ಷನ್ನನ್ನೇ ಬಳಸಿ, ಹಾಫ್‌ಮೂನ್ ಜೌಗಿನ ಸುತ್ತ ಹತ್ತು ಮೈಲಿಯೊಳಗೆ ಬಂದ ಕರೆಗಳನ್ನು ಕೇಳಿದರು. ಗುಂಡಿ ಕಿತ್ತ ಕೀಬೋರ್ಡಿನಲ್ಲಿ, ಇಪ್ಪತ್ತು ವರ್ಷ ಬರೆದ ಹಾಗೆ, ದೊಡ್ಡಕ್ಷರದಲ್ಲಿ ಕೇಳಿದರು. ಯಂತ್ರ ಅದನ್ನು ಫಂಕ್ಷನ್ ಎಂದು ತಿಳಿಯಲಿಲ್ಲ. ‘ನಿಯರ್’, ‘ಹಾಫ್‌ಮೂನ್’, ‘ಹತ್ತು’ ಎಂಬ ಮಾತುಗಳೆಲ್ಲ ಒಟ್ಟಿಗಿರುವ ಸಾಲು ದಾಖಲೆಯಲ್ಲಿದೆಯೇ ಎಂದು ಹುಡುಕಿ, ಇಲ್ಲವೆಂದು ಕಂಡು, ಸೊನ್ನೆ ಎಂದಿತು.

ಆರ್ಡಿತ್ ಸೊನ್ನೆಯನ್ನು ನಂಬಿದರು. ಫೋನಿನಿಂದ ಯಾವ ಕರೆಯೂ ಬಂದಿಲ್ಲ ಎಂದು ಶೋಧ ತಂಡಕ್ಕೆ ತಿಳಿಸಿದರು. ಕರೆ ಬಂದಿಲ್ಲವೆಂದರೆ ಮನುಷ್ಯ ಕರೆ ಮಾಡುವ ಸ್ಥಿತಿಯಲ್ಲಿಲ್ಲ ಎಂದರ್ಥ. ಮಂಗಳವಾರ ಬೆಳಿಗ್ಗೆ ರೇಯ್ನೋ ಅವರನ್ನು ಜೀವಂತ ಹುಡುಕುವ ಮಾತು ಕಡಿಮೆಯಾಗಿ, ದಕ್ಷಿಣದ ಕೆರೆಗೆ ಮುಳುಗುಗಾರರನ್ನು ಇಳಿಸುವ ಮಾತು ಶುರುವಾಯಿತು. ಅಂದು ಕತ್ತಲಾಗುವ ಹೊತ್ತಿಗೆ ಉಷ್ಣಾಂಶ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿಳಿಯುವುದೆಂಬ ಮುನ್ಸೂಚನೆಯಿತ್ತು.

ವೆರ್ನಾ ಅವರ ಮೇಜಿನ ಮೇಲೆ ಪೊಲೀಸ್ ರೇಡಿಯೋ ಕೇಳುವ ಪೆಟ್ಟಿಗೆಯೊಂದು ಸದಾ ಸಣ್ಣ ದನಿಯಲ್ಲಿ ಗೊಣಗುತ್ತಿರುತ್ತದೆ. ಅದು ಹಳೆಯ ಕೆಲಸದ ಚಟ. ಮಂಗಳವಾರ ಹತ್ತು ಗಂಟೆಗೆ ಅದರಲ್ಲಿ ‘ಕರೆ ದಾಖಲೆ ನೋಡಿಯಾಗಿದೆ, ಏನೂ ಇಲ್ಲ’ ಎಂಬ ಮಾತು ಕೇಳಿತಂತೆ. ಅವರು ಎದ್ದು ನನ್ನ ಮೇಜಿನ ಬಳಿ ಬಂದರು. ಅವರ ಮುಖ ನೋಡಿದರೆ ಬಯ್ಯಲು ಬಂದಂತಿರಲಿಲ್ಲ.

“ಗ್ರ್ಯಾಂಟ್, ಬಾ ಇಲ್ಲಿ. ಆರ್ಡಿತ್‌ಗೆ ಫೋನ್ ಮಾಡ್ತೀನಿ. ನೀನು ಪಕ್ಕದಲ್ಲಿರು.”

“ಏನಾಯ್ತು?”

“ಏನೂ ಆಗ್ದೆ ಇರ್ಲಿ ಅಂತಾನೇ ಮಾಡ್ತಿರೋದು.”

ಅವರು ಸ್ಪೀಕರ್ ಹಾಕಿ ಕೇಂದ್ರದ ಆಫೀಸ್ ನಂಬರಿಗೆ ಫೋನ್ ಮಾಡಿದರು. ಆರ್ಡಿತ್ ಅವರ ದನಿ ಎರಡು ದಿನ ನಿದ್ದೆಗೆಟ್ಟವರದು.

“ವೆರ್ನಾ, ಈಗ ಹರಟೆಗೆ ಟೈಮಿಲ್ಲ ಕಣೇ.”

“ಹರಟೆ ಅಲ್ಲ. ಜೌಗಿನ ಸುತ್ತ ಕರೆ ಹುಡುಕ್ದ್ಯಲ್ಲ, ಹೆಂಗೆ ಬರ್ದೆ? ಅಕ್ಷರ ಅಕ್ಷರ ಹೇಳು.”

ಆರ್ಡಿತ್ ಹೇಳಿದರು. ಎಲ್ಲ ಸರಿಯಾಗಿತ್ತು. ಆವರಣ, ಜಾಗದ ಹೆಸರು, ಮೈಲಿ, ಎಲ್ಲ ನನ್ನ ಕೈಪಿಡಿಯಲ್ಲಿದ್ದಂತೆಯೇ ಇತ್ತು. ತಪ್ಪು ಎಲ್ಲಿದೆಯೆಂದು ಅಷ್ಟರಲ್ಲಿ ನನಗೆ ಅರ್ಥವಾಗಿತ್ತು.

“ದೊಡ್ಡಕ್ಷರದಲ್ಲಿ ತಾನೇ?” ಎಂದರು ವೆರ್ನಾ.

“ಇನ್ನೇನು ಇರುತ್ತೆ? ಗುಂಡಿ ಕಿತ್ತು ಡಬ್ಬಿಗೆ ಹಾಕ್ದೋಳು ನೀನೇ.”

“ಹೌದು ಮಾರಾಯ್ತಿ, ನಾನೇ. ಈಗ ಶಿಫ್ಟ್ ಒತ್ತಿ ಹಿಡ್ಕೋ. ಹಿಡ್ಕೊಂಡೇ ನಿಯರ್ ಅಂತ ಬರಿ. ಸಣ್ಣಕ್ಷರ ಬಂತಾ?”

“ಬಂತು. ಅಯ್ಯೋ, ಇದ್ಯಾವ ಕಾಟ.”

“ಆಮೇಲೆ ಬೈಯ್ಯುವಂತೆ. ಮಿಕ್ಕಿದ್ದು ಮೊದ್ಲಿನ ಹಾಗೇ ಬರಿ. ಎಂಟರ್ ಒತ್ತು.”

ಫೋನಿನಲ್ಲಿ ಕೀಬೋರ್ಡಿನ ಟಕಟಕ ಕೇಳಿತು. ಅದು ನಿಂತಿತು. ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ.

“ವೆರ್ನಾ.”

“ಹೇಳು.”

“ನೂರಾರು ಬಂತು. ಬೇಟೆಯೋರ ಜೇಬಲ್ಲಿ ಗೊತ್ತಿಲ್ದೆ ಒತ್ತಿಹೋಗಿರೋದೆಲ್ಲ ಇದೆ.”

“ನಂಬರ್ ಇಲ್ದೆ ಇರೋದು ಮಾತ್ರ ಉಳಿಸ್ಕೋ. ಎಷ್ಟು?”

“ಮೂರು.”

ಆರ್ಡಿತ್ ಅದನ್ನು ಹೇಳಿದ ದನಿ ಇಂದಿಗೂ ನನ್ನ ಕಿವಿಯಲ್ಲಿದೆ. ಭಾನುವಾರ ಸಂಜೆ ಆರೂಹತ್ತಕ್ಕೆ ಒಂದು, ಸೋಮವಾರ ಬೆಳಿಗ್ಗೆ ಏಳೂನಲವತ್ತಕ್ಕೆ ಒಂದು, ಅದೇ ದಿನ ಮಧ್ಯಾಹ್ನ ನಾಲ್ಕರ ಸುಮಾರಿಗೆ ಇನ್ನೊಂದು. ಮೂರನ್ನೂ ಬೇರೆ ಬೇರೆ ಪಾಳಿಯವರು ಎತ್ತಿದ್ದರು. ಮೂರರ ಮುಂದೆಯೂ ಒಂದೇ ಬರಹ: ಲೈನ್ ತೆರೆದಿದೆ, ಮಾತಿಲ್ಲ. ಬೇಟೆಯ ಮೊದಲ ದಿನಗಳಲ್ಲಿ ಅಂಥ ಮೂಕ ಕರೆಗಳು ಲೆಕ್ಕವಿಲ್ಲದಷ್ಟು ಬರುತ್ತವೆ. ಒಬ್ಬರಿಗೂ ಇನ್ನೊಬ್ಬರ ಕರೆಯ ಸುದ್ದಿ ಗೊತ್ತಿರಲಿಲ್ಲ. ಈ ಮೂರೂ ಬಂದದ್ದು ಜೌಗಿನ ಉತ್ತರದ ಗೋಪುರದಿಂದ. ಹುಡುಕುವವರೆಲ್ಲ ಇದ್ದದ್ದು ದಕ್ಷಿಣದಲ್ಲಿ.

“ಉತ್ತರಕ್ಕೆ ಕಳ್ಸೇ ಅವ್ರನ್ನ,” ಎಂದರು ವೆರ್ನಾ. ಆರ್ಡಿತ್ ಆಗಲೇ ಫೋನ್ ಇಟ್ಟಿದ್ದರು.

ಮುಂದಿನ ಮೂರು ಗಂಟೆ ನಾನು ಏನೂ ಮಾಡಲಿಲ್ಲ. ವೆರ್ನಾ ಅವರು ರೇಡಿಯೋ ಪೆಟ್ಟಿಗೆಯ ದನಿ ಏರಿಸಿ ನನ್ನ ಮುಂದೆ ಇಟ್ಟರು, ಕಾಫಿ ತಂದುಕೊಟ್ಟರು, ನನ್ನ ಪಕ್ಕ ಕುರ್ಚಿ ಎಳೆದು ಕೂತರು. ‘ನಾನು ಹೇಳಿರಲಿಲ್ಲವೇ’ ಎಂಬ ಮಾತಿಗಾಗಿ ನಾನು ಕಾಯುತ್ತಿದ್ದೆ. ಅದು ಬಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬರಲಿಲ್ಲ. ಒಮ್ಮೆ ಮಾತ್ರ, “ಹೆಲ್ಮಿಗೆ ಈಗಲೇ ಏನೂ ಹೇಳದಿದ್ರೆ ಸಾಕು, ಸುಮ್ನೆ ಆಸೆ ಹುಟ್ಸೋದು ಪಾಪ” ಎಂದರು. ನಾನೂ ಆಸೆ ಹುಟ್ಟಿಸಿಕೊಳ್ಳದಿರಲು ಪ್ರಯತ್ನಿಸುತ್ತಿದ್ದೆ.

ಒಂದೂ ಕಾಲಿಗೆ ರೇಡಿಯೋದಲ್ಲಿ ಒಬ್ಬ ಹುಡುಕುಗಾರನ ದನಿ ಬಂತು. ಆರ್ಡಿತ್ ಅದನ್ನು ದಾಖಲೆಯಲ್ಲಿ ಹೀಗೆ ಬರೆದಿದ್ದಾರೆ, ದೊಡ್ಡಕ್ಷರದಲ್ಲಿಯೇ: “ವ್ಯಕ್ತಿ ಸಿಕ್ಕಿದ್ದಾರೆ. ಜೀವಂತ. ಕಾಲು ಮುರಿದಿದೆ. ಕಾಫಿ ಕೇಳುತ್ತಿದ್ದಾರೆ.”

ನಾನು ಅತ್ತೆ. ಇಪ್ಪತ್ತೊಂಬತ್ತು ವರ್ಷದ ಗಂಡಸು ಆಫೀಸಿನ ನಡುವೆ ಕೂತು ಮುಖ ಮುಚ್ಚಿಕೊಂಡು ಅತ್ತೆ. ವೆರ್ನಾ ನನ್ನ ಬೆನ್ನ ಮೇಲೆ ಕೈಯಿಟ್ಟು, ತಾವೂ ಮೂಗೊರೆಸಿಕೊಂಡು, “ನೋಡು, ಫಿನ್ನಿಷರು ಸಾಯೋವಾಗ್ಲೂ ಕಾಫಿ ಬಿಡಲ್ಲ” ಎಂದರು. ಗಾಯಗೊಂಡ ಜಿಂಕೆಯೊಂದರ ಹಿಂದೆ ರೇಯ್ನೋ ಜೌಗನ್ನು ದಾಟಿ ಉತ್ತರಕ್ಕೆ ಹೋಗಿದ್ದರು. ಬಿದ್ದ ಮರ ದಾಟುವಾಗ ಕಾಲು ಮುರಿಯಿತು. ಸೀಡರ್ ಮರದ ಬುಡದಲ್ಲಿ ಉಣ್ಣೆಯ ಕೋಟು ಸುತ್ತಿಕೊಂಡು ಎರಡು ರಾತ್ರಿ ಕಳೆದರು. ನೀರಿಗೆ ಬಿದ್ದ ಫೋನಿನ ಮೈಕು ಸತ್ತಿತ್ತು, ಕಿವಿ ಸತ್ತಿರಲಿಲ್ಲ. “ಮೂರು ಸಲ ಇಲ್ಲಿದೀನಿ ಅಂತ ಕೂಗಿದೆ. ಆಕಡೆಯಿಂದ ಹಲೋ, ಹಲೋ ಅಂತಾನೇ ಇದ್ರು” ಎಂದು ಆಮೇಲೆ ನಮಗೆ ಹೇಳಿದರು. ನಾಲ್ಕನೆಯ ಸಲಕ್ಕೆ ಬ್ಯಾಟರಿ ಇರಲಿಲ್ಲ. ಹಿಮ ಕಡಿದು ಎರಡು ಕಾಲ್ಬೆರಳು ಹೋದವು. ಇನ್ನೊಂದು ರಾತ್ರಿ ಹೋಗಿದ್ದರೆ ಏನಾಗುತ್ತಿತ್ತೆಂದು ವೈದ್ಯರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ಆ ಮುಳ್ಳಿನ ಮಾತು. ವಾರದ ನಂತರ ಕೌಂಟಿಯವರು ವಿವರಣೆ ಕೇಳಿದರು. ನಮ್ಮ ಅಂದಿನ ಯಜಮಾನರು ಕೋಪದಲ್ಲಿದ್ದರು, ನ್ಯಾಯವಾದ ಕೋಪವೇ. ಇದಕ್ಕೆ ಕಾರಣರಾದವರು ಮರುದಿನ ಇಲ್ಲಿರುವುದಿಲ್ಲವೆಂದು ಎಲ್ಲರ ಮುಂದೆ ಹೇಳಿದರು. ನನ್ನ ಹೆಂಡತಿಗೆ ಎಂಟು ತಿಂಗಳಾಗಿತ್ತು. ವರದಿ ಬರೆಯುವ ಕೆಲಸ ವೆರ್ನಾ ಅವರದಾಗಿತ್ತು. ಅವರು ಅದರಲ್ಲಿ ಹೀಗೆ ಬರೆದರು: “ದೊಡ್ಡಕ್ಷರದಲ್ಲಿ ಪರೀಕ್ಷಿಸುವುದು ಪರೀಕ್ಷಕರ ಹೊಣೆಯಾಗಿತ್ತು. ಪರೀಕ್ಷಕಿ: ವೆರ್ನಾ ಹೌಟಮಾಕಿ.” ಟಿಪ್ಪಣಿ 1172ರ ಸುದ್ದಿ ಎತ್ತಲಿಲ್ಲ. ಆರ್ಡಿತ್‌ಗೆ ಫೋನ್ ಮಾಡಿದ್ದೂ ಅವರೇ ಆದ್ದರಿಂದ ಯಜಮಾನರು ಅವರನ್ನು ತೆಗೆದುಹಾಕಲಿಲ್ಲ. ಆದರೆ ಮುಂದಿನ ತಿಂಗಳು ಅವರಿಗೆ ಸಿಗಬೇಕಾಗಿದ್ದ ಮುಖ್ಯಸ್ಥೆಯ ಹುದ್ದೆಗೆ ಹೊರಗಿನವರೊಬ್ಬರು ಬಂದರು. ನಾನು ವೆರ್ನಾ ಅವರನ್ನು ಪಾರ್ಕಿಂಗ್ ಜಾಗದಲ್ಲಿ ಅಡ್ಡಗಟ್ಟಿ, ಹೋಗಿ ನಿಜ ಹೇಳುತ್ತೇನೆಂದೆ.

“ಹೇಳಿದ್ರೆ ನೀನು ಹೋಗ್ತೀಯ,” ಎಂದರು. “ಹೋದ್ರೆ ಇದನ್ನ ಸರಿ ಮಾಡೋರು ಯಾರು? ನಂಗೆ ಕೋಡ್ ಬರಿಯೋಕೆ ಬರಲ್ಲ. ಹೋಗು, ಮೊದ್ಲು ಕೇಂದ್ರದಲ್ಲಿ ಒಂದು ಪಾಳಿ ಕೂತ್ಕೊಂಡು ಬಾ.”

ನಾನು ಬಾಯಿ ಮುಚ್ಚಿಕೊಂಡೆ. ಮಗುವಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ, ಹೇಡಿತನವೂ ಇತ್ತು. ಅಂದಿನಿಂದ ಈ ಕಂಪನಿಯ ಹೊಸಬರಿಗೆ ‘ವೆರ್ನಾ ಒಮ್ಮೆ ಪರೀಕ್ಷೆ ಮಾಡುವುದನ್ನು ಮರೆತರಂತೆ’ ಎಂಬ ಕತೆ ಹೇಳುವ ರೂಢಿಯಾಗಿದೆ. ಕತೆ ಸುಳ್ಳು. ಅವರು ಮರೆಯಲಿಲ್ಲ. ಅವರು ಹೇಳಿದರು, ಬರೆದು ಹೇಳಿದರು, ನಾನು ಮುಚ್ಚಿಹಾಕಿದೆ. ಟಿಪ್ಪಣಿಯ ಪ್ರತಿಯನ್ನು, ನನ್ನ ಉದ್ಧಟ ಉತ್ತರದ ಸಮೇತ, ಈ ಸಂಪುಟದ ಕೊನೆಯಲ್ಲಿ ಮುದ್ರಿಸಲು ಕೊಟ್ಟಿದ್ದೇನೆ.

ಅವರು ಹೇಳಿದಂತೆ ಪಾಳಿ ಕೂತು ಬಂದೆ. ಒಂದು ಪಾಳಿ ಸಾಲದೆ ಒಂಬತ್ತು ಪಾಳಿ ಕೂತೆ. ನಂತರ ಇಬ್ಬರೂ ಸೇರಿ ಭಾಷೆಯನ್ನು ಸರಿಪಡಿಸಿದೆವು. ಅಕ್ಷರದ ಗಾತ್ರ ನೋಡದೆ ಮಾತನ್ನೂ ಫಂಕ್ಷನ್ನನ್ನೂ ಬೇರ್ಪಡಿಸುವುದು ಅಸಾಧ್ಯವೆಂದು ನಾನು ನಂಬಿದ್ದೆ. “ಫಂಕ್ಷನ್ ಮುಂದೆ ಆವರಣ ಇರುತ್ತಲ್ಲ, ಅದು ಸಾಲ್ದಾ? ಮಾತೇ ಬೇಕಿದ್ರೆ ಉದ್ಧರಣ ಚಿಹ್ನೆ ಹಾಕ್ಲಿ” ಎಂದು ಅವರು ಊಟದ ಡಬ್ಬಿ ತೊಳೆಯುತ್ತ ಹೇಳಿದರು. ಸಾಕಾಯಿತು. ಆಜ್ಞೆಗಳಿಗೂ ಅದೇ ನ್ಯಾಯ: ಅವು ಬರುವ ಜಾಗದಿಂದಲೇ ಅವನ್ನು ಗುರುತಿಸಬಹುದು. ಇನ್ನೊಂದು ಮಾತಿಗೆ ಅವರು ಹಟ ಹಿಡಿದರು. ತನಗೆ ಅರ್ಥವಾಗದಿದ್ದರೆ ಯಂತ್ರ ‘ಅರ್ಥವಾಗಲಿಲ್ಲ’ ಎಂದೇ ಹೇಳಬೇಕು, ಅರ್ಥವಾಗದ್ದಕ್ಕೆಲ್ಲ ಸೊನ್ನೆ ಎನ್ನಬಾರದು. ಇವೆರಡೂ ಇಂದು ನಮ್ಮ ಕೈಪಿಡಿಯ ಮೊದಲ ಪುಟದಲ್ಲಿವೆ. ಒಂದು ಪಾಳಿ ಕರೆಕೇಂದ್ರದಲ್ಲಿ ಕೂರದೆ ನಮ್ಮಲ್ಲಿ ಯಾರೂ ಒಂದು ಸಾಲು ಕೋಡ್ ಬರೆಯುವಂತಿಲ್ಲ.

ರೇಯ್ನೋ ಅವರಿಗೀಗ ಎಪ್ಪತ್ತೆಂಟು. ಪ್ರತಿವರ್ಷ ನವೆಂಬರ್ ಹದಿನೇಳರಂದು ಅವರೂ ಹೆಲ್ಮಿಯೂ ಏಲಕ್ಕಿ ಹಾಕಿದ ನಿಸು ಬ್ರೆಡ್ಡು ಹಿಡಿದು ನಮ್ಮ ಆಫೀಸಿಗೆ ಬರುತ್ತಾರೆ. ಹೋದ ವರ್ಷ ನಾನು ಅವರಿಗೆ ನಿಜ ಹೇಳಿದೆ. ಅವರು ಕಾಫಿ ಕಲಕಿ ಚಮಚ ಕೆಳಗಿಟ್ಟರು. “ಎರಡು ಬೆರಳು ನಿನ್ನ ಲೆಕ್ಕ, ಮಿಕ್ಕ ಎಂಟು ಅವಳ ಲೆಕ್ಕ. ಒಟ್ಟಲ್ಲಿ ನಾನು ಗೆದ್ದೆ” ಎಂದು ಬ್ರೆಡ್ಡಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. ಅಂದಿನಿಂದ ನನಗೆ ಒಳ್ಳೆಯ ನಿದ್ದೆ ಬರುತ್ತಿದೆ.

ಈ ಲೇಖನ ಬರೆಯಲು ವೆರ್ನಾ ಅವರ ಅನುಮತಿ ಕೇಳಿದಾಗ ಅವರು ಒಪ್ಪಲಿಲ್ಲ. ಮೂರು ದಿನ ಬಿಟ್ಟು, ‘ಬರಿ, ಆದರೆ ನನ್ನನ್ನು ದೇವತೆ ಮಾಡಬೇಡ, ನೀನು ಪಾಸ್ಟಿಗೆ ಕೆಚಪ್ ಹಾಕಿಕೊಂಡದ್ದನ್ನು ಬಿಡಬೇಡ’ ಎಂದು ಇ-ಮೇಲ್ ಕಳಿಸಿದರು. ಅದನ್ನು ಯಾವ ಅಕ್ಷರದಲ್ಲಿ ಬರೆದಿದ್ದರೆಂದು ಹೇಳಬೇಕಾಗಿಲ್ಲ. ಅವರು ದೇವತೆಯಲ್ಲ, ಇಸ್ಪೀಟಿನಲ್ಲಿ ಮೋಸ ಮಾಡುತ್ತಾರೆ. ಅವರ ಮಂಡಿನೋವು ವಾಸಿಯಾಗಲಿ, ಸೌನಾದ ಒಲೆ ಆರದಿರಲಿ, ಕರೆಕೇಂದ್ರಕ್ಕೆ ಸೇರುವ ಹೊಸಬರಿಗೆ ತರಬೇತಿ ಕೊಡುವುದಾಗಿ ಅವರು ಒಪ್ಪಿಕೊಂಡಿರುವ ಕೆಲಸ ಇನ್ನೂ ಇಪ್ಪತ್ತು ವರ್ಷ ನಡೆಯಲಿ, ನೂರು ತುಂಬಿದ ದಿನವೂ ಅವರ ಮೇಜಿನ ಮೇಲೆ ಆ ಪೆಟ್ಟಿಗೆ ಗೊಣಗುತ್ತಿರಲಿ ಎಂದು ಅವರಿಂದ ಕಲಿತ, ಅವರಿಂದ ಉಳಿದ ನಾನು ಹಾರೈಸುತ್ತೇನೆ.

ಒಂದು ಕೆಲಸವನ್ನು ಮಾತ್ರ ಅವರು ನನಗೆ ವಹಿಸಿ ಹೋಗುತ್ತಿದ್ದಾರೆ. ಹದಿನಾರು ವರ್ಷದಿಂದ ನಮ್ಮ ಪ್ರತಿಯೊಂದು ಹೊಸ ಆವೃತ್ತಿ ಹೊರಹೋಗುವ ಮುಂಚೆ ಅವರು ಒಂದು ಪರೀಕ್ಷೆ ಮಾಡುತ್ತಿದ್ದರು. ಆ ಮೂರು ದಿನದ ದಾಖಲೆ ತೆರೆದು, ಹಾಫ್‌ಮೂನ್ ಜೌಗಿನ ಸುತ್ತ ಹತ್ತು ಮೈಲಿ, ನಂಬರಿಲ್ಲದ ಕರೆಗಳು ಎಂದು ದೊಡ್ಡಕ್ಷರದಲ್ಲಿ ಕೇಳಿ, ಬಂದ ಸಂಖ್ಯೆಯನ್ನು ಇಡೀ ಆಫೀಸಿಗೆ ಕೇಳುವಂತೆ ಕೂಗುತ್ತಿದ್ದರು. ಆಮೇಲೆಯೇ ಬಿಡುಗಡೆ. ಹೋದ ಶುಕ್ರವಾರ ಅವರ ಕುರ್ಚಿಯಲ್ಲಿ ನಾನು ಕೂತೆ. ಅವರು ಕೋಟು ಹಾಕಿಕೊಂಡು, ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತಿದ್ದರು. ನಾನು ಕ್ಯಾಪ್ಸ್ ಲಾಕ್ ಒತ್ತಿ ಬರೆದೆ, ಎಂಟರ್ ಒತ್ತಿದೆ, ಕಾದೆ.

“ಮೂರು,” ಎಂದೆ.

“ಗಟ್ಟಿಯಾಗಿ ಹೇಳು.”

“ಮೂರು.”

“ಸರಿ ಹಾಗಾದ್ರೆ, ನಾನಿನ್ನು ಬರ್ತೀನಿ,” ಎಂದು ಅವರು ಬಾಗಿಲು ಎಳೆದುಕೊಂಡರು.